ಸುಶಿಗೆ ಸಣ್ಣ ರೊಟ್ಟಿ

ನನ್ನ ಬಾಯಿ ಕೆಟ್ಟದ್ದು. ಮೂವತ್ತು ವರ್ಷ ಸಾಲಿಯಲ್ಲಿ ಪಾಠ ಹೇಳಿ, ಕಡೆಗೆ ಹೆಡ್‌ಮಿಸ್ ಆಗಿ ಬೀದರಿನಲ್ಲೇ ನಿವೃತ್ತಳಾದ ಹೆಂಗಸಿನ ಬಾಯಿ ಮತ್ತೆ ಹೇಗಿರಬೇಕು? ನಾನು ಯಾರ ಪಾಲನ್ನೂ ತಿಂದು ಬೆಳೆದವಳಲ್ಲ ಅನ್ನುವ ಮಾತನ್ನು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಾ ಬಂದವಳು. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ನನ್ನ ಮಗಳು ಗ್ರೇಸ್ ಇಲ್ಲಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ಹೋದ ವರ್ಷ ಒಂದು ಮಧ್ಯಾಹ್ನ, ಮನೆಗೆ ಬಂದವರ ಎದುರಿಗೆ, ಊಟದ ತಾಟಿನ ಮುಂದೆ ಕೂತು ಅವಳು ನನಗೊಂದು ಮಾತು ಅಂದಳು.

"ಮಮ್ಮಿ, ನಿನಗೂ ಪ್ರಿವಿಲೇಜ್ ಇತ್ತು. ನೀ ಒಪ್ಪಂಗಿಲ್ಲ, ಅಷ್ಟೇ."

ಕೈಯಲ್ಲಿದ್ದ ಬ್ಯಾಳಿ ಸೌಟನ್ನು ಅವಳ ಮೇಲೆ ಎಸೆಯಬೇಕು ಅನ್ನಿಸಿತು. ಪ್ರಿವಿಲೇಜ್ ಅಂತೆ. ಹುಟ್ಟಿನಿಂದಲೇ ಸಿಕ್ಕ ಸವಲತ್ತು, ದುಡಿಯದೆ ದಕ್ಕಿದ ಅನುಕೂಲ ಅಂತ ಅದರ ಅರ್ಥವನ್ನೂ ಬಿಡಿಸಿ ಹೇಳಿದಳು, ನಾನೇನೋ ಅನಕ್ಷರಸ್ಥೆ ಅನ್ನುವ ಹಾಗೆ. ಅದು ಊರ ಗೌಡರ ವಾಡೆಯವರಿಗೆ ಹೇಳುವ ಮಾತು, ಹೊಲ ತೋಟ ಇದ್ದವರಿಗೆ ಹೇಳುವ ಮಾತು. ನಮ್ಮಂಥವರ ಹಣೆಗೆ ಅದನ್ನು ಅಂಟಿಸಲಿಕ್ಕೆ ಇವಳಿಗೆ ಯಾವ ಪುಸ್ತಕ ಕಲಿಸಿತೋ. ಆ ಕ್ಷಣದ ಸಿಟ್ಟಿನಲ್ಲೇ ನನ್ನ ಬಾಲ್ಯ ಬರೆಯಬೇಕು ಅಂದುಕೊಂಡೆ. ಈ ಅಧ್ಯಾಯ ಮನಸ್ಸಿನಲ್ಲಿ ಶುರುವಾದದ್ದು ಅವಳ ಬಾಯಿ ಮುಚ್ಚಿಸಲಿಕ್ಕೆ.

ನಮ್ಮ ಮನೆ ಔರಾದದಲ್ಲಿ, ಚರ್ಚಿನ ಹಿಂದುಗಡೆ. ಅಪ್ಪ ಚರ್ಚಿನವರೇ ನಡೆಸುತ್ತಿದ್ದ ಸಣ್ಣ ಸಾಲಿಯ ಮಾಸ್ತರ. ಎರಡು ಕೋಣೆ, ಮೇಲೆ ತಗಡಿನ ಪತ್ರಾ. ಬ್ಯಾಸಿಗಿಯಲ್ಲಿ ಒಳಗೆ ಕೂತರೆ ತಲೆ ಬೇಯುತ್ತಿತ್ತು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಪ್ಪನ ಅಂಗಿ ಯಾವತ್ತೂ ಇಸ್ತ್ರಿ ಆಗಿರುತ್ತಿತ್ತು. ಊರ ಮಕ್ಕಳಿಗೆ ಅಕ್ಷರ ಕಲಿಸುವ ಆ ಇಸ್ತ್ರಿ ಅಂಗಿಯ ಮನುಷ್ಯನಿಗೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾಕ್ಕೆ ಬೇರೆ ಕಪ್ಪು. ಅದು ಹಿಂಬದಿಯ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಕುಡಿದು, ತಾನೇ ತೊಳೆದು, ಗೂಡಿನಲ್ಲೇ ಇಟ್ಟು ಬರಬೇಕು. ಅವ್ವ ನೀರಿಗೆ ವಾಡೆಯ ಬಾವಿಗೆ ಹೋಗುತ್ತಿದ್ದಳು. ಕಟ್ಟೆ ಹತ್ತುವ ಹಾಗಿಲ್ಲ. ಕೆಳಗೆ ಕೊಡ ಇಟ್ಟುಕೊಂಡು ನಿಲ್ಲಬೇಕು, ಮೇಲೆ ನಿಂತು ಸೇದುವವರು ದೂರದಿಂದ ಸುರಿಯಬೇಕು. ಅವರಿಗೆ ಮನಸ್ಸಿಲ್ಲದ ದಿನ ಅರ್ಧ ನೀರು ಅವ್ವನ ಸೀರೆಗೆ, ಅರ್ಧ ಕೊಡಕ್ಕೆ. ಹಸೀ ಸೀರೆಯಲ್ಲಿ ಬಂದು ಅವ್ವ ಒಲೆ ಮುಂದೆ ಕೂಡುತ್ತಿದ್ದಳು. ಆ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಸವಲತ್ತು ಇತ್ತು ಅಂತ ಹೇಳಲು ನಾಲಿಗೆ ಹೇಗೆ ಹೊರಳುತ್ತದೆ ಅಂತ ನನ್ನ ಪ್ರಶ್ನೆ.

ಸುಶೀಲಾ ನಮ್ಮ ಮನೆಗೆ ಬಂದಾಗ ನನಗೆ ಎಂಟು ವರ್ಷ. ಅವಳು ಅವ್ವನ ಅಣ್ಣನ ಮಗಳು, ಚಿಂತಾಕಿಯವಳು. ನನಗಿಂತ ಆರು ತಿಂಗಳಿಗೆ ದೊಡ್ಡವಳು. ಅವರವ್ವ ತೀರಿಕೊಂಡಿದ್ದಳು. ಮಾಮಾ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಹುಡುಗಿ ನಾಲ್ಕು ಅಕ್ಷರ ಕಲಿಯಲಿ ಅಂತ ಒಂದು ಬಟ್ಟೆ ಗಂಟು ಕೊಟ್ಟು ಬಿಟ್ಟು ಹೋದ. ನಾವಿಬ್ಬರೂ ಒಂದೇ ತರಗತಿ, ಹೊದೆಯಲು ಒಂದೇ ಕೌದಿ. ಅವ್ವ ಚರ್ಚಿನ ಹೆಂಗಸರಿಗೆಲ್ಲ ನನಗ ಇಬ್ಬರು ಹೆಣ್ಣುಮಕ್ಕಳು ಅಂತ ಹೇಳುತ್ತಿದ್ದಳು. ನಾನು ಅದನ್ನು ನಂಬಿದ್ದೆ. ಅವ್ವನೂ ನಂಬಿದ್ದಳು ಅಂತಲೇ ಕಾಣುತ್ತದೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸುಶಿ ಕಸ ಹೊಡೆದು ಒಲೆ ಹಚ್ಚಿರುತ್ತಿದ್ದಳು. ನಾನು ಅಪ್ಪನ ಮುಂದೆ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದೆ. ನನ್ನದು ಓದುವ ದನಿ, ಅವಳದು ಕೆಲಸದ ಕೈ. ನಮ್ಮ ಮನೆಯಲ್ಲಿ ಇದನ್ನು ಹೀಗೇ ಹೇಳುತ್ತಿದ್ದರು, ದೇವರೇ ಹಾಗೆ ಹಂಚಿದ್ದಾನೆ ಅನ್ನುವ ಹಾಗೆ. ಲೆಕ್ಕದಲ್ಲಿ ಅವಳಿಗೆ ನನಗಿಂತ ಜಾಸ್ತಿ ಅಂಕ ಬೀಳುತ್ತಿದ್ದವು. ಅದನ್ನು ಯಾರೂ ದೊಡ್ಡದು ಮಾಡಿ ಹೇಳುತ್ತಿರಲಿಲ್ಲ.

ನಮ್ಮ ಚರ್ಚಿನ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಲ ಅಡಿಗೆ ಮಾಡುವಾಗ ಒಂದು ಮುಷ್ಟಿ ಹಿಟ್ಟು ದೇವರಿಗೆ ಅಂತ ತೆಗೆದಿಡಬೇಕು. ವಾರವಿಡೀ ಕೂಡಿಟ್ಟದ್ದನ್ನು ಐತವಾರ ಚರ್ಚಿಗೆ ಒಯ್ದು ಕೊಡಬೇಕು. ಅದನ್ನು ಪಾದ್ರಿ ಸಾಹೇಬರು ಗತಿಯಿಲ್ಲದ ಮುದುಕಿಯರಿಗೆ ಹಂಚುತ್ತಿದ್ದರು. ನಮ್ಮಲ್ಲಿ ಅದಕ್ಕೆ ಮುಷ್ಟಿ ಡಬ್ಬಿ ಅಂತ ಒಂದು ಬಿಸ್ಕೀಟಿನ ತಗಡಿನ ಡಬ್ಬಿ ಇತ್ತು, ಅಡಿಗೆಮನೆಯ ಗೋಡೆಯ ಮಾಡದಲ್ಲಿ. ಅದರೊಳಗೆ ಬಿದ್ದದ್ದು ಮತ್ತೆ ಹೊರಗೆ ಬರಕೂಡದು. ಮನೆಯಲ್ಲಿ ಹಿಟ್ಟು ಮುಗಿದು ಉಪವಾಸ ಮಲಗಿದ ದಿನ ಕೂಡ ಅವ್ವ ಆ ಡಬ್ಬಿ ಮುಟ್ಟಿದವಳಲ್ಲ. ಐತವಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ಚರ್ಚಿನ ನಡುವಿನ ದಾರಿಯಲ್ಲಿ ನಡೆದು ಹೋಗಿ ಮುಂದೆ ಇಡುವವಳು ನಾನು. ತಲೆಗೆ ಎಣ್ಣೆ, ಎರಡು ಜಡೆ, ರಿಬ್ಬನ್. ಸುಶಿ ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಿರುತ್ತಿದ್ದಳು. ಮಾಸ್ತರ ಮಗಳು ಎಷ್ಟು ಭಕ್ತಿವಂತಳು ಅಂತ ಎಲ್ಲರೂ ಅನ್ನುತ್ತಿದ್ದರು. ಜ್ವರ ಬಂದ ದಿನವೂ ನಾನು ತಪ್ಪಿಸಲಿಲ್ಲ. ನನ್ನ ಜೀವನದಲ್ಲಿ ನಾನು ಸ್ವಂತ ಗಳಿಸಿದ ಮೊದಲ ಮರ್ಯಾದೆ ಅದು ಅಂತ ತಿಳಿದಿದ್ದೆ.

ರೊಟ್ಟಿ ಬಡಿಯುವುದು ಅವ್ವ, ಒಂದೊಂದೇ ರೊಟ್ಟಿಗೆ ಹಿಟ್ಟು ನಾದುವುದು ಸುಶಿ. ಎರಡು ಮುಷ್ಟಿ ಹಿಟ್ಟಿಗೆ ಒಂದು ರೊಟ್ಟಿ, ತಲೆಗೆ ಎರಡೆರಡು. ಮೊದಲು ಉಣ್ಣುವುದು ಅಪ್ಪ, ಜೊತೆಗೆ ನಾನು, ಆಮೇಲೆ ಅವ್ವ ಮತ್ತು ಸುಶಿ. ಎಲ್ಲರ ರೊಟ್ಟಿಯೂ ಒಂದೇ ಅಳತೆ, ಸುಶಿಯ ಎರಡನೆಯದು ಮಾತ್ರ ಅಂಗೈ ಅಗಲ. ಅದು ನಮ್ಮ ಮನೆಯ ನಗೆಚಾಟಿಕೆ. ಸುಶಿಗೆ ಸಣ್ಣ ರೊಟ್ಟಿ ಅಂದರೆ ಜೀವ ಅಂತ ಅಪ್ಪ ನಗುತ್ತಿದ್ದ. ಸುಶಿಯೂ ನಗುತ್ತಿದ್ದಳು. ಮದುವೆ ಮನೆಗಳಲ್ಲಿ ನಮ್ಮ ಬಳಗದವರು ಅವಳಿಗಂತಲೇ ಒಂದು ಪುಟ್ಟ ರೊಟ್ಟಿ ಬಡಿದು, ಮೇಲೆ ಬೆಣ್ಣೆ ಹಚ್ಚಿ, ತಾಟಿಗೆ ಹಾಕಿ ನಗುವರು. ದೊಡ್ಡವರಾದ ಮೇಲೂ ಇದು ನಿಲ್ಲಲಿಲ್ಲ. ಅವಳು ನಮ್ಮ ಮನೆಗೆ ಬಂದಾಗೆಲ್ಲ ನಾನೂ ಒಂದು ಸಣ್ಣದು ಬಡಿಯುತ್ತಿದ್ದೆ. ಪ್ರೀತಿಯಿಂದ ಬಡಿಯುತ್ತಿದ್ದೆ, ಇದನ್ನು ಆಣೆ ಮಾಡಿ ಹೇಳುತ್ತೇನೆ.

ಸಂಜೆ ದೀಪ ಹಚ್ಚಿದ ಕೂಡಲೇ ಪ್ರಾರ್ಥನೆ. ಅಪ್ಪ ಬೈಬಲ್ ಓದಿ ಮುಗಿಸಿ ಒಬ್ಬೊಬ್ಬರನ್ನೇ ಕೇಳುವನು, ಇವತ್ತು ಏನು ತಪ್ಪು ಮಾಡಿದಿರಿ ಅಂತ. ಅವ್ವ ಯಾರಿಗೋ ಬೈದದ್ದು ಹೇಳುವಳು, ಸುಶಿ ಗಡಿಗೆ ಒಡೆದದ್ದು ಹೇಳುವಳು. ನನಗೆ ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ. ಕೆಲಸ ಮಾಡುವವರ ಕೈಯಲ್ಲಿ ತಾನೇ ಗಡಿಗೆ ಒಡೆಯುವುದು? ನಾನು ತರಗತಿಯಲ್ಲಿ ನಕ್ಕೆ, ಆಕಳಿಸಿದೆ ಅಂತ ಏನೋ ಹುಡುಕಿ ಹೇಳುತ್ತಿದ್ದೆ. ಏಳನೇ ತರಗತಿಯ ಪರೀಕ್ಷೆ ಮುಗಿದ ದಿನಗಳು. ಒಂದು ಮಧ್ಯಾಹ್ನ ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಸುಶಿ ಮಾಡದ ಕೆಳಗೆ ನಿಂತಿದ್ದಳು. ಡಬ್ಬಿಯ ಮುಚ್ಚಳ ತೆಗೆದಿತ್ತು, ಕೈ ಒಳಗಿತ್ತು, ಬಾಯಿಯ ಸುತ್ತ ಒಣ ಹಿಟ್ಟು. ನನ್ನನ್ನು ನೋಡಿ ನುಂಗಲಾರದೆ ಕೆಮ್ಮಿದಳು. ಹೇಳಬ್ಯಾಡ ಅಂತ ಕೈಸನ್ನೆ ಮಾಡಿದಳು. ಸಂಜೆ ಅಪ್ಪ ಕೇಳಿದ.

"ಪ್ರೇಮಾ, ನಿಂದೇನು ತಪ್ಪು ಇವತ್ತು?"

"ನಂದೇನಿಲ್ಲಪ್ಪ. ಸುಶಿ ದೇವರ ಡಬ್ಬಿದಾಗಿನ ಹಿಟ್ಟು ಕದ್ದು ತಿಂದಾಳ."

ಅಪ್ಪ ಬೈಬಲ್ ಮುಚ್ಚಿದ. ಅವ್ವ ಎದ್ದು ಬಂದು ಸುಶಿಯ ಕೆನ್ನೆಗೆ ಒಂದು ಹೊಡೆದಳು. ತನ್ನ ಅಣ್ಣನ ಮಗಳಿಗೆ ಅವಳು ಹೊಡೆದದ್ದು ಅದೊಂದೇ ಸಲ. ಹೊಡೆದವಳೇ ಅತ್ತಳು, ಹೊಡೆಸಿಕೊಂಡವಳು ಅಳಲಿಲ್ಲ. ಹಸಿವಾಗಿತ್ತಾ ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಆ ವರ್ಷ ಬೀದರಿನ ಹುಡುಗಿಯರ ಹಾಸ್ಟೆಲಿನವರು ಒಂದೊಂದು ಚರ್ಚಿನಿಂದ ಒಬ್ಬ ಹುಡುಗಿಯನ್ನು ಬಿಟ್ಟಿ ಊಟ ವಸತಿ ಕೊಟ್ಟು ಓದಿಸುತ್ತೇವೆ ಅಂದಿದ್ದರು. ಪಾದ್ರಿ ಸಾಹೇಬರ ಕಾಗದ ಬೇಕು, ಒಂದೇ ಕಾಗದ. ನಾವಿಬ್ಬರೂ ಏಳನೇ ಪಾಸು. ಸುಶಿಗೆ ಅಂಕ ಹೆಚ್ಚು. ಪಾದ್ರಿ ಸಾಹೇಬರು ಮನೆಗೆ ಬಂದು ಇಬ್ಬರ ನಡತೆ ಹೇಗೆ ಅಂತ ಅಪ್ಪನನ್ನು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ನಮ್ಮಪ್ಪ ಡಬ್ಬಿಯ ಸಂಗತಿ ಹೇಳಿಬಿಟ್ಟ. ಪಾದ್ರಿ ಸಾಹೇಬರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಈ ಹುಡುಗಿ ಒಂದು ಐತವಾರನೂ ತಪ್ಪಿಸಿಲ್ಲ, ಮಾಸ್ತರ. ಕಾಗದ ಈಕಿಗೇ ಬರೀತೇನಿ."

ಮಾಮಾ ಚಿಂತಾಕಿಯಿಂದ ಬಂದು ಸುಶಿಯನ್ನು ಕರೆದುಕೊಂಡು ಹೋದ. ಹೋಗುವಾಗ ಅವಳು, ಬೀದರಿನಾಗ ಏನೇನು ಕಲಸ್ತಾರ ನನಗ ಪತ್ರ ಬರಿ ಅಂದಳು. ನಾನು ಆಯ್ತು ಅಂದೆ. ಒಂದೂ ಬರೆಯಲಿಲ್ಲ. ನಾನು ಹಾಸ್ಟೆಲ್ ಸೇರಿ, ಓದಿ, ಟೀಚರ್ ಆದೆ. ಅವಳನ್ನು ಭಾಲ್ಕಿ ಕಡೆಯ ಸಾಯಗಾಂವಕ್ಕೆ ಮದುವೆ ಮಾಡಿಕೊಟ್ಟರು. ಗಂಡನ ಮನೆಯ ಹೊಲದ ಕೆಲಸ, ಮಕ್ಕಳು, ಮೊಮ್ಮಕ್ಕಳು. ವರ್ಷಕ್ಕೊಮ್ಮೆಯೋ ಎರಡು ಸಲವೋ ಬೀದರಿಗೆ ಬರುತ್ತಿದ್ದಳು. ಬಂದಾಗ ಹಳೆಯದೆಲ್ಲ ಮಾತಾಡಿ ನಗುತ್ತಿದ್ದೆವು. ಡಬ್ಬಿಯ ಮಾತು ಮಾತ್ರ ಬರುತ್ತಿರಲಿಲ್ಲ.

ಹೋದ ವರ್ಷದ ಆ ಮಧ್ಯಾಹ್ನ ಮನೆಗೆ ಬಂದವಳು ಸುಶಿಯೇ. ಸುಮ್ಮನೆ ಬಂದಿರಲಿಲ್ಲ. ನಾನು ಈಗ ಒಂದು ಹುಡುಗಿಯರ ಹಾಸ್ಟೆಲಿನ ಕಮಿಟಿಯಲ್ಲಿದ್ದೇನೆ. ಅವಳ ಮೊಮ್ಮಗಳು ಅನಿತಾ ಅಲ್ಲಿ ಸೀಟು ಕೇಳಿದ್ದಳು. ಅರ್ಜಿಯನ್ನು ನಾನೇ ತಿರುಗಿಸಿ ಕಳಿಸಿದ್ದೆ. ವರ್ಷದಲ್ಲಿ ಹನ್ನೊಂದು ಐತವಾರ ಹುಡುಗಿ ಚರ್ಚಿಗೆ ಗೈರು. ಚರ್ಚಿನ ಹಾಜರಿ ನೋಡಬೇಕು ಅನ್ನುವ ನಿಯಮ ಕಮಿಟಿಯಲ್ಲಿ ತಂದವಳೂ ನಾನೇ. ಅವತ್ತು ಸಂಜೆ ಐದಕ್ಕೆ ಅರ್ಜಿಗೆ ಕಡೆಯ ಹೊತ್ತು. ಸುಶಿ ಅದೇ ಫಾರಂ ಮಡಚಿ ಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೇ ಬಂದಿದ್ದಳು. ನಾನು ಊಟ ಮಾಡು ಅಂತ ಕೂಡಿಸಿದೆ. ಅಡಿಗೆಮನೆಯಲ್ಲಿ ರೊಟ್ಟಿ ಹಂಚಿನ ಮುಂದೆ, ಪಕ್ಕಕ್ಕೆ ತಾಟು ಇಟ್ಟುಕೊಂಡು ಬಡಿಯುತ್ತಲೇ ಉಣ್ಣುತ್ತಾ ನಾನು, ಎದುರಿಗೆ ಚಾಪೆಯ ಮೇಲೆ ಸುಶಿ ಮತ್ತು ಗ್ರೇಸ್.

"ಐತವಾರ ಅವರವ್ವ ಕೂಲಿಗಿ ಹೋಗ್ತಾಳ, ಪ್ರೇಮಿ. ಮನ್ಯಾಗ ರೊಟ್ಟಿ ಬಡಿಯಾಕಿ, ಸಣ್ಣವ್ರನ್ನ ನೋಡ್ಕೊಳಾಕಿ ಅನಿತಾನೇ. ಹ್ಯಾಂಗ ಬರಬೇಕು ಚರ್ಚಿಗಿ?"

"ನಿಯಮ ಅಂದ್ರ ಎಲ್ಲರಿಗೂ ಒಂದೇ, ಸುಶಿ. ನಾ ಜ್ವರ ಬಂದ್ರೂ ತಪ್ಪಿಸ್ತಿರಲಿಲ್ಲ. ಮನಸ್ಸಿದ್ರ ಆಗ್ತದ."

ಆಗಲೇ ಗ್ರೇಸ್ ಆ ಪ್ರಿವಿಲೇಜ್ ಮಾತು ಅಂದದ್ದು. ನಾನು ಸುಮ್ಮನಿರಲಿಲ್ಲ. ಬಾವಿ ಕಟ್ಟೆಯಿಂದ ಹಿಡಿದು ಹೋಟೆಲಿನ ಗೂಡಿನ ತನಕ ಎಲ್ಲ ಹೇಳಿದೆ. ನಿನ್ನಜ್ಜಿ ಹಸೀ ಸೀರೆಯಲ್ಲಿ ಬರುತ್ತಿದ್ದಳು, ನಿನ್ನಜ್ಜ ತನ್ನ ಕಪ್ಪು ತಾನೇ ತೊಳೆಯುತ್ತಿದ್ದ, ಗೊತ್ತೇನು ನಿನಗೆ ಅಂದೆ. ಕಾಲೇಜಿನ ಫ್ಯಾನಿನ ಕೆಳಗೆ ಕೂತು ನಮ್ಮ ನೋವಿಗೆ ಅಂಕ ಹಾಕಬ್ಯಾಡ ಅಂದೆ. ಗ್ರೇಸ್ ನನ್ನ ಮಗಳೇ, ದನಿ ಏರಿಸಿದಳು.

"ವಾಡೆದವರ ಮುಂದ ನೀ ಕೆಳಗಿದ್ದಿ, ಖರೆ. ಆದ್ರ ಮನಿ ಒಳಗ? ಒಂದೇ ಮನ್ಯಾಗ ಇಬ್ಬರು ಹುಡುಗ್ಯಾರು. ಒಬ್ಬಾಕಿ ಓದ್ತಾಳ, ಒಬ್ಬಾಕಿ ಒಲಿ ಊದ್ತಾಳ. ಆ ಸೀಟು ನಿನಗ್ಯಾಕ ಸಿಕ್ತು, ಸುಶೀಲತ್ತಿಗ್ಯಾಕ ಸಿಗಲಿಲ್ಲ?"

"ನಾ ಗಳಿಸಿದ್ದು ಅದು. ನನ್ನ ನಡತಿಗಿ ಸಿಕ್ಕದ್ದು. ಬೇಕಂದ್ರ ಕೇಳು, ಇಲ್ಲೇ ಕೂತಾಳ."

ಹೀಗೆ ಹೇಳುತ್ತಲೇ ನಾನು ಹಿಟ್ಟು ನಾದುವ ಪರಾತದಲ್ಲಿ ಉಳಿದ ಒಣ ಹಿಟ್ಟಿನಿಂದ ಒಂದು ಮುಷ್ಟಿ ತೆಗೆದು ಪಕ್ಕದ ಡಬ್ಬಿಗೆ ಹಾಕಿದೆ. ಅವ್ವನ ಅದೇ ತಗಡಿನ ಡಬ್ಬಿ. ಆ ಮನೆಯಿಂದ ನಾನು ಬೇಡಿ ತಂದುಕೊಂಡದ್ದು ಅದೊಂದೇ. ಕಡೆಗೆ ಉಳಿದ ಹಿಟ್ಟನ್ನು ನಾದಿ ಅಂಗೈ ಅಗಲದ ರೊಟ್ಟಿ ಬಡಿದು, ಬೇಯಿಸಿ, ಸುಶಿಯ ತಾಟಿಗೆ ಹಾಕಿದೆ. ತಗೋ, ನಿನ್ನ ಸಣ್ಣ ರೊಟ್ಟಿ ಅಂದೆ. ಅವಳು ಅದನ್ನು ಮುಟ್ಟಲಿಲ್ಲ.

"ನನಗ ಸಣ್ಣ ರೊಟ್ಟಿ ಯಾವಾಗೂ ಸೇರ್ತಿರಲಿಲ್ಲ, ಪ್ರೇಮಿ."

"ಏನಂದಿ?"

"ಅತ್ತಿ ದೇವರ ಮುಷ್ಟಿ ಮೊದಲಿಗಿ ತಗೀತಿರಲಿಲ್ಲ. ನಿಮ್ಮ ರೊಟ್ಟಿ, ತನ್ನ ರೊಟ್ಟಿ ಎಲ್ಲಾ ಬಡಿದ ಮ್ಯಾಲ ಕಡೀಕ ತಗೀತಿದ್ಳು. ಕಡೀದು ಯಾರದು? ನಂದು. ಎರಡು ಮುಷ್ಟಿದಾಗ ಒಂದು ಡಬ್ಬಿಗಿ, ಒಂದು ನನಗ. ನೀ ಐತವಾರ ಹೊತ್ಕೊಂಡು ಹೋಗ್ತಿದ್ದಿ ನೋಡು, ಅದು ನನ್ನ ಊಟ."

ಅವಳ ದನಿ ಏರಲೇ ಇಲ್ಲ. ನನ್ನ ದನಿ ಏರಿತು. ಅವ್ವನ ಹೆಸರು ಎತ್ತಬ್ಯಾಡ, ಸತ್ತವಳ ಮೇಲೆ ಹೊರಿಸಬ್ಯಾಡ ಅಂದೆ. ನಿನ್ನನ್ನು ಸಾಕಿದ ಕೈ ಅದು ಅಂದೆ. ಆಗ ಯಾಕೆ ಬಾಯಿ ಬಿಡಲಿಲ್ಲ, ನಗುತ್ತಿದ್ದೆಯಲ್ಲ ಅಂತಲೂ ಕೇಳಿದೆ.

"ನಗಲಾರದೆ ಏನು ಮಾಡ್ಲಿ? ನಾ ನಿಮ್ಮ ಮನ್ಯಾಗ ಇದ್ದಾಕಿ. ಒಂದು ದಿನ ತಡಕೊಳ್ಳಕಾಗ್ಲಿಲ್ಲ, ನಂದು ನಾ ತಗೊಂಡೆ. ಅದಕ್ಕ ನೀ ಕಳ್ಳಿ ಅಂದಿ."

ಹಂಚು ಹೊಗೆಯಾಡುತ್ತಿತ್ತು. ಗ್ರೇಸ್ ಎದ್ದು ಒಲೆ ಆರಿಸಿದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳ ಮೇಲೆ ಹರಿಹಾಯಬಹುದಿತ್ತು. ಅಷ್ಟು ಹೊತ್ತಿನಲ್ಲಿ ನಾನು ಹುಡುಕಿದ್ದು ಒಂದೇ, ಸುಶಿ ಸುಳ್ಳು ಹೇಳುತ್ತಿದ್ದಾಳೆ ಅನ್ನಲಿಕ್ಕೆ ಒಂದು ನೆವ. ಸಿಗಲಿಲ್ಲ. ನನ್ನ ಕೈಯೇ ಸಾಕ್ಷಿ ಇತ್ತು. ಅವ್ವನಿಂದ ಕಲಿತ ಹಾಗೆ, ಯಾರೂ ಹೇಳಿಕೊಡದೆ, ಕಡೆಯ ರೊಟ್ಟಿಯ ಹಿಟ್ಟಿನಿಂದಲೇ ಮುಷ್ಟಿ ತೆಗೆದಿದ್ದೆ. ಈಗಲೂ ಆ ಕಡೆಯ ರೊಟ್ಟಿ ಅವಳದೇ ಆಗಿತ್ತು. ವಾಡೆಯ ಬಾವಿಯ ಮೇಲೆ ನಿಂತು ಸುರಿದವರನ್ನು ಅರವತ್ತು ವರ್ಷ ಶಪಿಸಿದ್ದೇನೆ. ನಮ್ಮ ಅಡಿಗೆಮನೆಯಲ್ಲೂ ಒಂದು ಕಟ್ಟೆ ಇತ್ತು, ಅದರ ಮೇಲೆ ನಾನು ನಿಂತಿದ್ದೆ ಅನ್ನುವುದು ನನಗೆ ತಿಳಿಯಲೇ ಇಲ್ಲ.

ಅವಳ ತಾಟಿನ ಸಣ್ಣ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿಕೊಂಡೆ. ನನ್ನದು, ಒಂದು ತುತ್ತು ಮುರಿದದ್ದು, ಅವಳ ತಾಟಿಗೆ ಇಟ್ಟೆ. ಅವಳು ತಾಟನ್ನೇ ಹಿಂದಕ್ಕೆ ಸರಿಸಿದಳು.

"ನೀ ಮುರಿದದ್ದು ನನಗ ಬ್ಯಾಡ. ಒಂದು ಹೊತ್ತು ನೀ ಸಣ್ಣದು ಉಂಡ್ರ ಮುಗೀತೇನು? ರೊಟ್ಟಿ ಬಿಡು. ಸಹಿ ಹಾಕು."

ಚೀಲದಿಂದ ಫಾರಂ ತೆಗೆದು ನೆಲದ ಮೇಲೆ ಹರವಿದಳು. ಹಿಟ್ಟಿನ ಕೈ ಒರೆಸಿಕೊಂಡು, ಗ್ರೇಸ್ ಕೊಟ್ಟ ಪೆನ್ನಿನಿಂದ, ಹಿಂದೆ ನಾನೇ ಕೆಂಪು ಶಾಯಿಯಲ್ಲಿ ಗೈರುಹಾಜರಿ ಅಂತ ಬರೆದ ಸಾಲನ್ನು ಹೊಡೆದು ಹಾಕಿದೆ. ಹುಡುಗಿ ಐತವಾರ ಮನೆಯವರಿಗೆ ಅಡಿಗೆ ಮಾಡುತ್ತಾಳೆ, ಸೀಟು ಕೊಡತಕ್ಕದ್ದು ಅಂತ ಬರೆದು ಸಹಿ ಮಾಡಿದೆ. ಕಮಿಟಿಯಲ್ಲಿ ಜಗಳ ಆಗುತ್ತದೆ ಅಂತ ಗೊತ್ತಿತ್ತು, ಆಗಲಿ ಅಂದುಕೊಂಡೆ. ಸುಶಿ ಏಳನೆಯ ತನಕ ಓದಿದವಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಪೂರ್ತಿ ಓದಿದಳು. ಗ್ರೇಸ್ ಕೈಗೆ ಕೊಟ್ಟು, ಐದರೊಳಗ ಮುಟ್ಟಸವ್ವ ಅಂದಳು. ಗ್ರೇಸ್ ಊಟ ಬಿಟ್ಟು ಸ್ಕೂಟಿ ಹತ್ತಿ ಹೋದಳು. ಮನೆಯಲ್ಲಿ ಇಬ್ಬರೇ ಉಳಿದೆವು. ಕ್ಷಮಾ ಮಾಡು ಅನ್ನಬೇಕು ಅಂತ ಬಾಯಿ ತೆರೆದೆ. ಎಲ್ಲರಿಗೂ ಬುದ್ಧಿ ಹೇಳಿದ ಬಾಯಿಗೆ ಆ ಮಾತು ಬರಲಿಲ್ಲ.

"ಹಸಿವಾಗ್ಯಾದ," ಅಂದಳು ಸುಶಿ. "ನನ್ನ ರೊಟ್ಟಿ ಬಡಿ."

ಪರಾತ ಬರಿದಾಗಿತ್ತು. ಗಿರಣಿಗೆ ಕೊಟ್ಟ ಜೋಳ ಇನ್ನೂ ಬಂದಿರಲಿಲ್ಲ. ಒಲೆ ಹಚ್ಚಿ ಹಂಚು ಇಟ್ಟೆ. ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಮುಚ್ಚಳ ತೆಗೆದು, ಒಳಗೆ ಕೈ ಹಾಕಿದೆ. ಸುಶಿ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು.

"ಎರಡು ಮುಷ್ಟಿ ತಗಿ," ಅಂದಳು.